ಬ್ಯಾಗು ಹಗುರಾಯಿತು, ಬಟ್ಟೆ ಒಗೆಯುವವರು ಯಾರು?

ನಮಸ್ಕಾರ. ನಿಮ್ಮ ಪತ್ರ ತಲುಪಿತು. ಉಳಿದ ಓದುಗರಿಗೂ ಗೊತ್ತಾಗಲಿ ಅಂತ ಅದರ ಸಾರ ಮೊದಲು ಹೇಳಿಬಿಡುತ್ತೇನೆ.

ನೀವು, ನಿಮ್ಮ ಯಜಮಾನರು, 13 ಮತ್ತು 9 ವರ್ಷದ ಇಬ್ಬರು ಮಕ್ಕಳು ಹತ್ತು ದಿನದ ಪ್ರವಾಸಕ್ಕೆ ಹೊರಟಿದ್ದೀರಿ. ತಲಾ ಒಂದು ಪುಟ್ಟ ಬ್ಯಾಗು, ಎರಡೇ ಜೊತೆ ಬಟ್ಟೆ ಸಾಕು, "ಅಲ್ಲೇ ಒಗೆದುಕೊಂಡರಾಯಿತು" ಅನ್ನುವುದು ಯಜಮಾನರ ಮಾತು. ಹಿಂದಿನ ಸಲವೂ ಹೀಗೇ ಹೋಗಿದ್ದಿರಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ಬಾತ್‌ರೂಮಿನಲ್ಲಿ ಬಟ್ಟೆ ಒಗೆದವರು ನೀವು. ಬೆಳಿಗ್ಗೆ ಎದ್ದರೆ ಹಸಿ ಸಾಕ್ಸ್ ಹಾಕಿಕೊಳ್ಳಲ್ಲ ಅಂತ ಮಕ್ಕಳ ರಗಳೆ ಬೇರೆ. ಅದಕ್ಕೇ ಈ ಸಲ ದೊಡ್ಡ ಸೂಟ್‌ಕೇಸ್ ತುಂಬಾ ಬಟ್ಟೆ ತುಂಬುತ್ತೇನೆ, ಒಂದು ಕರ್ಚೀಫನ್ನೂ ಒಗೆಯುವುದಿಲ್ಲ ಅಂತ ಪಟ್ಟು ಹಿಡಿದಿದ್ದೀರಿ. "ನಿಮ್ಮ ಪ್ರವಾಸ ಪುಟ ಯಾವಾಗಲೂ ಕಡಿಮೆ ಒಯ್ಯಿರಿ ಅನ್ನುತ್ತದೆ. ನೀವು ಯಾರ ಕಡೆ?" ಎಂದು ಕೇಳಿದ್ದೀರಿ.

ಒಗೆಯುವ ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಕಡೆ. ಬ್ಯಾಗಿನ ವಿಷಯದಲ್ಲಿ ಅಲ್ಲ. ಬ್ಯಾಗು ಹಗುರವಾಗಿಯೇ ಇರಲಿ. ಆದರೆ ಬಟ್ಟೆ ಯಾವಾಗ ಒಗೆಯುವುದು, ಯಾರು ಒಗೆಯುವುದು ಅನ್ನುವುದು ಜಿಪ್ ಎಳೆಯುವ ಮೊದಲೇ ತೀರ್ಮಾನ ಆಗಬೇಕು. "ಒಗೆದುಕೊಂಡರಾಯಿತು" ಅನ್ನುವ ಮಾತಿನಲ್ಲಿ ಒಗೆಯುವವರು ಯಾರು ಅಂತ ಇಲ್ಲ. ಹೆಸರು ಹೇಳದ ಕೆಲಸ ಮನೆಯಲ್ಲಿ ಯಾರ ತಲೆಗೆ ಬರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಮೊದಲು ತೂಕದ ಲೆಕ್ಕ ನೋಡೋಣ. ಒಂದು ಹತ್ತಿ ಟೀ ಶರ್ಟ್ ಹೆಚ್ಚುಕಡಿಮೆ 150ರಿಂದ 200 ಗ್ರಾಂ ತೂಗುತ್ತದೆ. ಒಳಉಡುಪು, ಸಾಕ್ಸ್ ಎಲ್ಲಾ ಸೇರಿಸಿದರೂ ಒಂದು ದಿನದ ಬಟ್ಟೆ 300 ಗ್ರಾಂ ಆಸುಪಾಸು. ಪ್ಯಾಂಟನ್ನು ಇದಕ್ಕೆ ಸೇರಿಸಿಲ್ಲ, ಯಾಕೆಂದರೆ ಅದನ್ನು ದಿನಾ ಬದಲಿಸಬೇಕಾಗಿಲ್ಲ. ಅಂದರೆ ಎರಡು ಜೊತೆಯ ಬದಲು ಐದು ಜೊತೆ ಇಟ್ಟುಕೊಂಡರೆ ಒಬ್ಬೊಬ್ಬರ ಬ್ಯಾಗಿಗೆ ಹೆಚ್ಚಾಗುವುದು ಒಂದು ಕಿಲೋ ಕೂಡ ಇಲ್ಲ.

ಆ ಒಂದು ಕಿಲೋ ಉಳಿಸಲು ಏನು ತೆರುತ್ತೀರಿ ನೋಡಿ. ಎರಡೇ ಜೊತೆ ಇದ್ದರೆ ಹೆಚ್ಚುಕಡಿಮೆ ಪ್ರತಿ ರಾತ್ರಿ ಒಗೆಯಬೇಕು. ನಾಲ್ಕು ಜನರ ಅಂಗಿ, ಒಳಉಡುಪು, ಸಾಕ್ಸ್ ಸೇರಿ ದಿನಕ್ಕೆ ಹದಿನೈದರ ಹತ್ತಿರ ಬಟ್ಟೆ ಬೀಳುತ್ತದೆ. ಅಷ್ಟನ್ನೂ ನೆನೆಹಾಕಿ, ಉಜ್ಜಿ, ಜಾಲಿಸಿ, ಹಿಂಡಿ, ಹರವಬೇಕು. ಒಂದು ಕಿಲೋಗೆ ಇದು ದುಬಾರಿ ಅಲ್ವಾ? ಐದು ಜೊತೆ ಇದ್ದರೆ ಐದನೇ ದಿನ ಸಂಜೆ ಒಂದೇ ಸಲ ಎಲ್ಲಾ ಒಗೆದರೆ ಮುಗಿಯಿತು. ಹತ್ತು ದಿನಕ್ಕೆ ಒಂದೇ ಒಗೆತ. ಪ್ರವಾಸ ಇಪ್ಪತ್ತು ದಿನದ್ದಾದರೂ ಬ್ಯಾಗು ಇಷ್ಟೇ ಇರುತ್ತದೆ, ಒಗೆತ ಮೂರಾಗುತ್ತದೆ. ಹಾಗಾಗಿ ಎಷ್ಟು ದಿನದ ಪ್ರವಾಸ ಅಂತ ನೋಡಿ ಬಟ್ಟೆ ತುಂಬಬೇಡಿ. ಎಷ್ಟು ದಿನಕ್ಕೊಮ್ಮೆ ಒಗೆಯಲು ಮನಸ್ಸಿದೆ ಅಂತ ನೋಡಿ ತುಂಬಿ.

ಹಾಗಾದರೆ ಹತ್ತೂ ಜೊತೆ ತುಂಬಿದರೆ ಏನಾಯಿತು ಅಂತ ನೀವು ಕೇಳಬಹುದು. ಕಾರಿನಲ್ಲಿ ಹೋಗಿ ಒಂದೇ ಕಡೆ ಉಳಿಯುವುದಾದರೆ ಏನೂ ತೊಂದರೆ ಇಲ್ಲ, ಧಾರಾಳವಾಗಿ ತುಂಬಿ. ಆದರೆ ನಿಮ್ಮ ಪ್ರವಾಸದಲ್ಲಿ ವಿಮಾನ ಇದೆ, ನಾಲ್ಕು ಊರು ಇದೆ. ಅನೇಕ ವಿಮಾನಗಳಲ್ಲಿ ಕೈಯಲ್ಲಿ ಒಯ್ಯುವ ಬ್ಯಾಗಿಗೆ 7 ಕಿಲೋ ಮಿತಿ. ಐದು ಜೊತೆ ಬಟ್ಟೆ, ಇನ್ನೊಂದು ಪ್ಯಾಂಟ್, ರಾತ್ರಿ ಉಡುಪು, ಒಂದು ಸ್ವೆಟರ್ ಇದರೊಳಗೆ ಆರಾಮಾಗಿ ಹಿಡಿಯುತ್ತವೆ. ದೊಡ್ಡ ಸೂಟ್‌ಕೇಸ್ ಆದರೆ ಕೊಡುವಾಗ ಒಂದು ಸಾಲು, ವಾಪಸ್ ತೆಗೆದುಕೊಳ್ಳಲು ಬೆಲ್ಟಿನ ಮುಂದೆ ಇನ್ನೊಂದು ಕಾಯುವಿಕೆ. ಆಮೇಲೆ ಅದನ್ನು ಮೆಟ್ಟಿಲು ಹತ್ತಿಸಬೇಕು. ಲಿಫ್ಟ್ ಇಲ್ಲದ ಮೂರನೇ ಮಹಡಿಗೆ ಅದನ್ನು ಹೊರುವವರು ಯಾರು ಅನ್ನುವ ಪ್ರಶ್ನೆಯೂ ಇದೆ, ಮತ್ತು ಅದಕ್ಕೂ ಮನೆಯಲ್ಲೇ ಉತ್ತರ ಬೇಕು.

ಈಗ ಯಾವ ಬಟ್ಟೆ ಅನ್ನುವುದಕ್ಕೆ ಬರೋಣ. ನಿಮ್ಮ ಮಕ್ಕಳ ಹಸಿ ಸಾಕ್ಸಿನ ರಗಳೆಗೆ ಕಾರಣ ಇಲ್ಲೇ ಇದೆ. ಹತ್ತಿಯ ನೂಲು ನೀರನ್ನು ತನ್ನೊಳಗೇ ಹೀರಿಕೊಳ್ಳುತ್ತದೆ. ಪೂರ್ತಿ ಒಣಗಿದೆ ಅನ್ನಿಸುವ ಹತ್ತಿ ಬಟ್ಟೆಯಲ್ಲೂ ಗಾಳಿಯಿಂದ ಬಂದ ನೀರಿನ ಅಂಶ ಅದರ ತೂಕದ ಶೇಕಡಾ 7ರಿಂದ 8ರಷ್ಟು ಇರುತ್ತದೆ. ಪಾಲಿಯೆಸ್ಟರ್‌ನಲ್ಲಿ ಅದು ಶೇಕಡಾ ಅರ್ಧಕ್ಕಿಂತ ಕಡಿಮೆ. ಅದರಲ್ಲಿ ನೀರು ಎಳೆಗಳ ನಡುವೆ ಸುಮ್ನೆ ನಿಂತಿರುತ್ತದೆ, ಹಾಗಾಗಿ ಬೇಗ ಹೋಗುತ್ತದೆ. ದಪ್ಪ ಹತ್ತಿ ಸಾಕ್ಸ್ ಒಂದು ರಾತ್ರಿಯಲ್ಲಿ ಒಣಗುವುದು ಅನುಮಾನ. ಜೀನ್ಸಿನ ಆಸೆಯನ್ನಂತೂ ಬಿಟ್ಟುಬಿಡಿ. ಕಾಲಿನ ಭಾಗ ಒಣಗಿದರೂ ಸೊಂಟದ ಪಟ್ಟಿ, ಜೇಬಿನ ಒಳಗಡೆ, ಹೊಲಿಗೆ ಮಡಿಚಿದ ಜಾಗ ಮರುದಿನ ಮಧ್ಯಾಹ್ನಕ್ಕೂ ತಣ್ಣಗೆ ಕೈಗೆ ತಾಗುತ್ತವೆ. ಜೀನ್ಸ್ ಬೇಕೇ ಬೇಕು ಅಂದರೆ ಒಂದನ್ನು ಹಾಕಿಕೊಂಡು ಹೊರಡಿ, ಅಲ್ಲಿ ಒಗೆಯಬೇಡಿ.

ಹಾಗಂತ ಎಲ್ಲಾ ಪಾಲಿಯೆಸ್ಟರ್ ಕೊಳ್ಳಲು ಓಡಬೇಡಿ. ಬೆವರಿಗೆ ತನ್ನದೇ ವಾಸನೆ ಅಷ್ಟಾಗಿ ಇರುವುದಿಲ್ಲ. ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ನಾತ ಹುಟ್ಟುತ್ತದೆ. ಮೈಯ ಜಿಡ್ಡು ಪಾಲಿಯೆಸ್ಟರ್‌ಗೆ ಚೆನ್ನಾಗಿ ಅಂಟಿಕೊಳ್ಳುತ್ತದೆ, ಹಾಗಾಗಿ ಒಂದೇ ದಿನಕ್ಕೆ ಕಂಕುಳ ಹತ್ತಿರ ಮೂಗು ಮುಚ್ಚಿಕೊಳ್ಳುವ ಹಾಗಾಗುತ್ತದೆ. ತೆಳುವಾದ ಮೆರಿನೊ ಉಣ್ಣೆಯ ಅಂಗಿ ಇದಕ್ಕೆ ತದ್ವಿರುದ್ಧ. ಎರಡು ಮೂರು ದಿನ ಹಾಕಿದರೂ, ರಾತ್ರಿ ಗಾಳಿಗೆ ಹಾಕಿದರೆ ಸಾಕು. ಆದರೆ ಬೆಲೆ ಜಾಸ್ತಿ, ಬೆಳೆಯುವ ಮಕ್ಕಳಿಗೆ ಕೊಡಿಸಲು ನಾನು ಹೇಳುವುದಿಲ್ಲ. ಬಿಸಿ ನೀರಿನಲ್ಲಿ ಉಜ್ಜಿದರೆ ಉಣ್ಣೆ ಕುಗ್ಗಿ ಗಟ್ಟಿಯಾಗುತ್ತದೆ ಅನ್ನುವುದೂ ನೆನಪಿರಲಿ. ಮನೆಯಲ್ಲಿ ಈಗಾಗಲೇ ಇರುವ ತೆಳು ಹತ್ತಿ ಅಂಗಿಗಳು, ಹತ್ತಿ ಪಾಲಿಯೆಸ್ಟರ್ ಬೆರೆತವು ಇದ್ದರೆ ಇನ್ನೂ ಒಳ್ಳೆಯದು, ನಿಮ್ಮ ಐದು ದಿನದ ಲೆಕ್ಕಕ್ಕೆ ಧಾರಾಳ ಸಾಕು. ಹೊಸದಾಗಿ ಏನಾದರೂ ಕೊಳ್ಳುವುದಾದರೆ ಎಲ್ಲರಿಗೂ ತೆಳು ಸಾಕ್ಸ್ ಕೊಳ್ಳಿ.

ಇನ್ನು ನಡುವೆ ಒಂದೆರಡು ಬಟ್ಟೆ ಕೈಯಲ್ಲೇ ಒಗೆಯುವ ಸಂದರ್ಭ ಬಂದೇ ಬರುತ್ತದೆ. ಮಗು ಏನೋ ಚೆಲ್ಲಿಕೊಳ್ಳುತ್ತದೆ, ಯಾರೋ ಕೆಸರಲ್ಲಿ ಜಾರುತ್ತಾರೆ. ಇಲ್ಲಿ ಎಲ್ಲರೂ ಜಾಸ್ತಿ ಹಾಕುವುದು ಸೋಪು. ಒಂದೆರಡು ಅಂಗಿಗೆ ಚಿಟಿಕೆಯಷ್ಟು ಸಾಕು. ನೊರೆ ಹೆಚ್ಚಾದಷ್ಟೂ ಜಾಲಿಸುವ ಕೆಲಸ ಹೆಚ್ಚು. ಸರಿಯಾಗಿ ಜಾಲಿಸದೆ ಸೋಪು ಉಳಿದರೆ ಬಟ್ಟೆ ಬಿರುಸಾಗಿ ಮೈ ಕಡಿಯುತ್ತದೆ. ಬಟ್ಟೆ ಸೋಪಿನ ಒಂದು ತುಂಡು ಒಯ್ದರೆ ವಿಮಾನದಲ್ಲೂ ತಕರಾರಿಲ್ಲ. 2006ರಿಂದ ಬಹಳಷ್ಟು ವಿಮಾನ ನಿಲ್ದಾಣಗಳಲ್ಲಿ ಕೈಬ್ಯಾಗಿನ ದ್ರವಕ್ಕೆ 100 ಮಿಲಿಲೀಟರ್ ಮಿತಿ ಇದೆ. ಈಗ ಕೆಲವು ಕಡೆ ಸಡಿಲಿಸಿದ್ದಾರೆ, ಆದರೂ ಗಟ್ಟಿ ಸೋಪಿಗೆ ಆ ಚಿಂತೆಯೇ ಇಲ್ಲ. ರಕ್ತದ ಕಲೆಯಾದರೆ ತಣ್ಣೀರಲ್ಲೇ ತೊಳೆಯಿರಿ. ಬಿಸಿ ನೀರು ಬಿದ್ದರೆ ಅದು ಅಲ್ಲೇ ಕಚ್ಚಿ ಕೂರುತ್ತದೆ.

ಒಗೆಯುವುದಕ್ಕಿಂತ ಒಣಗಿಸುವುದೇ ಕಷ್ಟದ ಕೆಲಸ, ಅದಕ್ಕೆ ಒಂದು ಒಳ್ಳೆಯ ಉಪಾಯ ಇದೆ. ಅಂಗಿಯನ್ನು ಕೈಯಲ್ಲಿ ಹಿಂಡಿದ ಮೇಲೆ ಒಣ ಟವೆಲ್ ಹಾಸಿಗೆಯ ಮೇಲೆ ಬಿಡಿಸಿ. ಅದರ ಮೇಲೆ ಅಂಗಿಯನ್ನು ಸುಕ್ಕಿಲ್ಲದ ಹಾಗೆ ಹರವಿ. ಒಂದು ತುದಿಯಿಂದ ಎರಡನ್ನೂ ಸೇರಿಸಿ ಬಿಗಿಯಾಗಿ ಸುತ್ತುತ್ತಾ ಹೋಗಿ. ಸುರುಳಿ ಆದ ಮೇಲೆ ಅದನ್ನು ನೆಲಕ್ಕಿಟ್ಟು ಮೊಣಕಾಲು ಊರಿ ಉದ್ದಕ್ಕೂ ಒತ್ತಿ. ಬಿಚ್ಚಿ ನೋಡಿದರೆ ಟವೆಲ್ ತೇವವಾಗಿ ಭಾರವಾಗಿರುತ್ತದೆ. ಅಂಗಿಯಿಂದ ಹನಿ ಬೀಳುವುದು ನಿಂತಿರುತ್ತದೆ. ಕೈ ಎಷ್ಟು ಹಿಂಡಿದರೂ ಹೋಗದ ನೀರು ಹೀಗೆ ಹೋಗುತ್ತದೆ, ಬಟ್ಟೆಯ ಆಕಾರವೂ ಕೆಡುವುದಿಲ್ಲ.

ಆಮೇಲೆ ಅದನ್ನು ಬಾತ್‌ರೂಮಿನಲ್ಲಿ ನೇತುಹಾಕಬೇಡಿ. ಅಲ್ಲಿ ಗಾಳಿಯೇ ತೇವವಾಗಿರುತ್ತದೆ, ಬಟ್ಟೆಯ ನೀರು ಹೋಗುವುದಾದರೂ ಎಲ್ಲಿಗೆ? ಕೋಣೆಯಲ್ಲಿ ಫ್ಯಾನಿನ ಕೆಳಗೆ, ಒಂದಕ್ಕೊಂದು ತಾಗದ ಹಾಗೆ ಹಾಕಿ. ಎಸಿ ಇದ್ದರೆ ಇನ್ನೂ ಅನುಕೂಲ, ಅದು ಕೋಣೆಯ ಗಾಳಿಯಿಂದ ತೇವವನ್ನು ಎಳೆದುಕೊಳ್ಳುತ್ತದೆ. ಪ್ಯಾಂಟಿನ ಜೇಬು ಹೊರಕ್ಕೆ ತಿರುಗಿಸಿ. ಬೇಗ ಒಣಗಲಿ ಅಂತ ಹೀಟರ್ ಮೇಲೋ ಟೇಬಲ್ ದೀಪದ ಮೇಲೋ ಹೊದಿಸುವ ಕೆಲಸ ಮಾತ್ರ ಯಾರೂ ಮಾಡಬಾರದು, ಬೆಂಕಿ ಹತ್ತಿಕೊಳ್ಳುತ್ತದೆ. ತುಂಬಾ ಹೊತ್ತು ಹಸಿಯಾಗೇ ಉಳಿದ ಬಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆದು ಮುಗ್ಗಲು ವಾಸನೆ ಬರುತ್ತದೆ. ಒಗೆದದ್ದೇ ದಂಡ ಆಗುತ್ತದೆ.

ಐದನೇ ದಿನದ ದೊಡ್ಡ ಒಗೆತವನ್ನು ದಯವಿಟ್ಟು ಕೈಯಲ್ಲಿ ಮಾಡಬೇಡಿ. ನಾಲ್ಕು ಊರುಗಳಲ್ಲಿ ಎರಡನೆಯದರಲ್ಲೋ ಮೂರನೆಯದರಲ್ಲೋ ವಾಷಿಂಗ್ ಮೆಷಿನ್ ಇರುವ ಜಾಗ ಹಿಡಿಯಿರಿ. ಬುಕ್ ಮಾಡುವಾಗಲೇ ಕೇಳಿ. ಅದು ಸಿಗದಿದ್ದರೆ ನಾವೇ ಹಾಕಿ ತೆಗೆಯುವ ಲಾಂಡ್ರಿ ಹತ್ತಿರದಲ್ಲಿದೆಯೇ ನೋಡಿ. ಒಗೆತ, ಡ್ರೈಯರ್ ಎರಡೂ ಸೇರಿ ಒಂದೂವರೆ ಗಂಟೆಯ ಕೆಲಸ. ಡ್ರೈಯರ್‌ಗೆ ಹಾಕುವ ಮೊದಲು ಬಟ್ಟೆಯ ಒಳಗಿನ ಚೀಟಿ ನೋಡಿ. ಚೌಕದೊಳಗೆ ವೃತ್ತ ಇದ್ದು ಅದರ ಮೇಲೆ ಕಾಟು ಹೊಡೆದಿದ್ದರೆ ಅದನ್ನು ಪಕ್ಕಕ್ಕಿಡಿ. ಹೋಟೆಲಿನವರಿಗೆ ಕೊಟ್ಟರೆ ಸಾಮಾನ್ಯವಾಗಿ ಒಂದೊಂದು ಬಟ್ಟೆಗೂ ಬೇರೆ ಲೆಕ್ಕ, ಸಾಕ್ಸ್‌ಗೂ ಕೂಡ. ಇಸ್ತ್ರಿ ಬೇಕಾದ ಒಂದು ಅಂಗಿಗೆ ಸರಿ, ಮನೆಮಂದಿಯ ಬಟ್ಟೆಗೆ ಬೇಡ.

ಆ ಒಂದೂವರೆ ಗಂಟೆ ಯಾರದು? ನನ್ನ ಅಭಿಪ್ರಾಯದಲ್ಲಿ, ಹಗುರ ಬ್ಯಾಗು ಬೇಕು ಅಂದವರದು. ಇದನ್ನು ಜಗಳದ ದನಿಯಲ್ಲಿ ಹೇಳಬೇಕಾಗಿಲ್ಲ. "ಸರಿ, ಸಣ್ಣ ಬ್ಯಾಗೇ ಆಗಲಿ. ಐದನೇ ದಿನ ಸಂಜೆ ಲಾಂಡ್ರಿ ನಿಮ್ಮದು" ಅಂತ ಹೊರಡುವ ಮೊದಲೇ ಹೇಳಿ, ಒಪ್ಪಿಗೆ ತೆಗೆದುಕೊಳ್ಳಿ. ಆ ಹೊತ್ತಿನಲ್ಲಿ ನೀವು ಕೋಣೆಯಲ್ಲಿ ಕಾಯುತ್ತಾ ಕೂರಬೇಡಿ, ಹೊರಗೆ ತಿರುಗಾಡಿ ಬನ್ನಿ. 13 ವರ್ಷದವರು ಬಟ್ಟೆ ಬೇರೆಬೇರೆ ಮಾಡಬಲ್ಲರು, ಮಡಿಚಬಲ್ಲರು. 9 ವರ್ಷದವರು ಸ್ನಾನದ ಹೊತ್ತಿಗೆ ತಮ್ಮ ಸಾಕ್ಸ್ ತಾವೇ ತೊಳೆಯಬಲ್ಲರು. ಚೂರು ಕೊಳೆ ಉಳಿದರೆ ಉಳಿಯಲಿ. ನೀವು ಹೋಗಿ ಮತ್ತೊಮ್ಮೆ ಉಜ್ಜಬೇಡಿ. ಉಜ್ಜಿದಿರೋ, ಮಾರನೇ ದಿನ ಆ ಕೆಲಸ ಮತ್ತೆ ನಿಮ್ಮದೇ ಆಗುತ್ತದೆ.

ಯಜಮಾನರು ಈ ಕರಾರಿಗೆ ಒಪ್ಪದಿದ್ದರೆ ನಿಮ್ಮ ದೊಡ್ಡ ಸೂಟ್‌ಕೇಸ್ ಸರಿ. ಸಂಕೋಚ ಇಲ್ಲದೆ ತುಂಬಿ. ರಜಾ ಅಂದರೆ ನಿಮಗೂ ರಜಾ. ಅದಕ್ಕಾಗಿ ಬೆಲ್ಟಿನ ಮುಂದೆ ಅರ್ಧ ಗಂಟೆ ಎಲ್ಲರೂ ಕಾದರೆ ಕಾಯಲಿ.

ಪತ್ರದ ಕೊನೆಯಲ್ಲಿ ಕೊಳೆ ಬಟ್ಟೆ ಮನೆಗೆ ತರುವುದು ಸೋಮಾರಿತನವೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಕೊನೆಯ ಎರಡು ದಿನ ಏನೂ ಒಗೆಯಬೇಡಿ, ಒಣಗದೆ ಬ್ಯಾಗಿಗೆ ಸೇರಿದರೆ ಒಳ್ಳೆಯ ಬಟ್ಟೆಗೂ ವಾಸನೆ ಹತ್ತುತ್ತದೆ. ಕೊಳೆ ಬಟ್ಟೆಗೆ ಬಟ್ಟೆಯದೇ ಒಂದು ಚೀಲ ಇಟ್ಟುಕೊಳ್ಳಿ, ಗಾಳಿಯಾಡುತ್ತದೆ. ಪ್ಲಾಸ್ಟಿಕ್ ಬೇಡ. ಕೊನೆಯ ದಿನ ನೀರಿಗಿಳಿದು ಏನಾದರೂ ಒದ್ದೆಯಾಗಿದ್ದರೆ ಅದನ್ನು ಮಾತ್ರ ಬೇರೆ ಕವರಿನಲ್ಲಿ ಮೇಲ್ಗಡೆ ಇಟ್ಟು, ಮನೆ ತಲುಪಿದ ಕೂಡಲೇ ಬ್ಯಾಗಿನಿಂದ ಮೊದಲು ಅದನ್ನೇ ತೆಗೆಯಿರಿ.

ಸಂಪಾದಕ