ಲ್ಯಾಬಿನಲ್ಲಿ ಹುಡುಗರು ಪ್ರಯೋಗ ಮಾಡ್ತಾರೆ, ಹುಡುಗಿಯರು ರೆಕಾರ್ಡ್ ಬರೀತಾರೆ. ಇದನ್ನು ಹೇಗೆ ಬದಲಾಯಿಸೋದು?

ಹೊಸದಾಗಿ ಪಾಠ ಮಾಡಲು ಸೇರಿದ್ದೀರಿ, ಹುಡುಗಿಯರು ಹಿಂದೆಯೇ ನಿಲ್ಲುತ್ತಾರೆ ಅಂತ ಬೇಸರದಿಂದ ಬರೆದಿದ್ದೀರಿ. ಆ ಬೇಸರ ನನಗೂ ಗೊತ್ತು. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್.

ಮೊದಲು ಒಂದು ವಾರ ಸುಮ್ನೆ ನೋಡಿ, ಸಾಮಾನು ಯಾರ ಕೈಯಲ್ಲಿದೆ ಅಂತ. ನಾನು ನೋಡಿದಾಗ ಅಮ್ಮೀಟರಿಗೆ ವಯರು ಜೋಡಿಸುವವರು ಎಲ್ಲ ಗುಂಪಲ್ಲೂ ಹುಡುಗರೇ. ಕ್ಲಾಸಿಗೇ ಜಾಸ್ತಿ ಮಾರ್ಕು ತೆಗೆಯುವ ಹುಡುಗಿಗೆ ವಯರಿನ ತುದಿ ಸುಲಿಯಲು ಬರುತ್ತಿರಲಿಲ್ಲ. ಯಾರೂ ಅವಳ ಕೈಗೆ ಕೊಟ್ಟೇ ಇರಲಿಲ್ಲ. ಅಕ್ಷರ ಚಂದ ಅಂತ ಅವಳಿಗೆ ಬರೆಯುವ ಕೆಲಸ ಕೊಟ್ಟವಳು ನಾನೇ.

ಈಗ ನಾಲ್ಕು ಜನರ ಗುಂಪು, ಪ್ರತಿ ಪ್ರಯೋಗಕ್ಕೂ ಕೆಲಸ ಬದಲು. ಹುಡುಗರೂ ಬರೆಯಲೇಬೇಕು.

ಲ್ಯಾಬಿನ ಹೊರಗೂ ಕರೆದುಕೊಂಡು ಹೋಗಿ. ನಮ್ಮ ಕಡೆ ಗುಡ್ಡದ ಮುರಕಲ್ಲು ಕೊರೆದು ಮಾಡಿದ ಸುರಂಗಗಳಿವೆ, ಒಳಗಿಂದ ನೀರು ತಾನಾಗಿ ಹರಿದು ಬರುತ್ತದೆ. ಒಂದು ಸುರಂಗದ ಬಾಯಿಗೆ 10 ಲೀಟರಿನ ಬಕೆಟ್ ಇಟ್ಟು, ತುಂಬಲು ಎಷ್ಟು ಹೊತ್ತು ಬೇಕು ಅಂತ ಅಳೆದೆವು. ಡಿಸೆಂಬರಿನಲ್ಲಿ 40 ಸೆಕೆಂಡು, ಮಾರ್ಚಿನಲ್ಲಿ 100. ಅಂದರೆ ನಿಮಿಷಕ್ಕೆ 15 ಲೀಟರ್ ಇದ್ದದ್ದು 6ಕ್ಕೆ ಇಳಿದಿತ್ತು. "ಟೀಚರ್, ಬಕೆಟ್ ತುಂಬುವ ಮುಂಚೆಯೇ ಇವ ವಾಚು ನಿಲ್ಲಿಸಿದ" ಅಂತ ಒಬ್ಬಳು ಪಟ್ಟು ಹಿಡಿದಳು. ಮೂರು ಸಲ ಅಳೆದು ಸರಾಸರಿ ತೆಗೆಯೋಣ ಅಂದವಳೂ ಅವಳೇ. ಅದುವರೆಗೆ ಕ್ಲಾಸಿನಲ್ಲಿ ಅವಳ ಸ್ವರವನ್ನೇ ನಾನು ಸರಿಯಾಗಿ ಕೇಳಿರಲಿಲ್ಲ!

ಇನ್ನೊಂದು ವಿಷಯ, ಹೊತ್ತು. ಶಾಸ್ತ್ರೋತ್ಸವದ, ಅಂದರೆ ಕೇರಳದ ಶಾಲೆಗಳ ವಿಜ್ಞಾನ ಮೇಳದ, ತಯಾರಿ ಸಂಜೆ ಇಟ್ಟರೆ ಹುಡುಗಿಯರು ಬಸ್ಸಿಗೆ ಓಡುತ್ತಾರೆ. ನಾವು ಅದನ್ನು ಶನಿವಾರ ಬೆಳಿಗ್ಗೆಗೆ ಹಾಕಿದೆವು. ಬರುವ ಹುಡುಗಿಯರು ಜಾಸ್ತಿಯಾದರು.

ತಳಿಗಳ ಪಾಠ ಬಂದಾಗ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅವರ ಬಗ್ಗೆ ಹೇಳುತ್ತೇನೆ. ನಮ್ಮ ಪಕ್ಕದ ಕಣ್ಣೂರು ಜಿಲ್ಲೆಯ ತಲಶ್ಶೇರಿಯಲ್ಲಿ 1897ರಲ್ಲಿ ಹುಟ್ಟಿದವರು. 1931ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಡಾಕ್ಟರೇಟ್ ಪಡೆದರು, ಕೊಯಮತ್ತೂರಿನಲ್ಲಿ ಕಬ್ಬಿನ ತಳಿಗಳ ಮೇಲೆ ಕೆಲಸ ಮಾಡಿದರು. ಇದನ್ನು ಮಹಿಳಾ ದಿನದ ಭಾಷಣಕ್ಕೆ ಎತ್ತಿಡಬೇಡಿ. ಪಾಠದ ಮಧ್ಯೆಯೇ ಹೇಳಿ, ಹುಡುಗರೂ ಕೇಳಬೇಕಲ್ವಾ.

ಹುಡುಗರಿಗೆ ಅನ್ಯಾಯ ಆಗುತ್ತಾ ಅಂತ ಕೇಳಿದ್ದೀರಿ. ಇಲ್ಲ. ವಾಚು ಬೇಗ ನಿಲ್ಲಿಸಿದ ಆ ಹುಡುಗನೇ ಮಾರ್ಚಿನ ರೆಕಾರ್ಡ್ ಬರೆದ. ಮೂರೂ ಅಳತೆಗಳನ್ನು ಬೇರೆ ಬೇರೆಯಾಗಿ, ಒಂದನ್ನೂ ತಿದ್ದದೆ ಬರೆದಿದ್ದ.