ಮನೆಯಲ್ಲಿ ಮಾಡಿದ ಬಿಯರ್ ಪ್ರತಿ ಸಲ ಹುಳಿ ಬರುತ್ತಿದೆ, ಬ್ಲೀಚ್ ಜಾಸ್ತಿ ಹಾಕಬೇಕೇ?

ಬ್ಲೀಚ್ ಜಾಸ್ತಿ ಮಾಡಬೇಡಿ. ಮೊದಲು ಬಿಯರ್ ಹುದುಗಿಸುವ ಬಕೆಟ್ಟಿನ ನಲ್ಲಿ ಬಿಚ್ಚಿ ನೋಡಿ.

ಅಮೆರಿಕದಲ್ಲಿದ್ದೀರಿ, 23 ಲೀಟರಿನ ಪ್ಲಾಸ್ಟಿಕ್ ಬಕೆಟ್ಟನ್ನು ಪಾತ್ರೆ ಸೋಪಿನಿಂದ ಉಜ್ಜಿ ಬ್ಲೀಚ್ ನೀರಲ್ಲಿ ನೆನೆಸಿದರೂ ಎರಡು ಸಲ ಎಲ್ಲ ಬಾಟಲಿಗಳೂ ಹುಳಿ ಬಂದಿವೆ ಎಂದು ಬರೆದಿದ್ದೀರಿ. ಅದರಲ್ಲಿ ‘ಎಲ್ಲ’ ಎಂಬ ಮಾತೇ ಮುಖ್ಯ. ಐದಾರು ಬಾಟಲಿ ಮಾತ್ರ ಕೆಟ್ಟಿದ್ದರೆ ಆ ಬಾಟಲಿಗಳನ್ನು ಅನುಮಾನಿಸಬಹುದಿತ್ತು. ಎಲ್ಲವೂ ಕೆಟ್ಟಿವೆ ಎಂದರೆ ಬಹುಮಟ್ಟಿಗೆ ಬಾಟಲಿಗೆ ತುಂಬುವ ಮೊದಲೇ ಸೋಂಕು ಹತ್ತಿದೆ: ಬಕೆಟ್ಟಿನಲ್ಲಿ, ಪೈಪಿನಲ್ಲಿ ಅಥವಾ ನಲ್ಲಿಯಲ್ಲಿ. ನನ್ನ ಮೊದಲ ಅನುಮಾನ ನಲ್ಲಿಯ ಮೇಲೆ.

ನಲ್ಲಿಯಲ್ಲಿ ತಿರುಗುವ ಒಳಭಾಗಕ್ಕೂ ಹೊರಗಿನ ಕವಚಕ್ಕೂ ನಡುವೆ ಕೂದಲೆಳೆಯಷ್ಟು ಸಂದಿ ಇರುತ್ತದೆ. ಅಲ್ಲಿಗೆ ಬಿಯರ್ ಇಳಿಯುತ್ತದೆ, ಬ್ರಷ್ ಇಳಿಯುವುದಿಲ್ಲ. ದೋಸೆಹಿಟ್ಟಿಗೆ ಹುಳಿ ಬರಿಸುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳ ಬಳಗವೇ ಅಲ್ಲಿ ಲೋಳೆ ಕಟ್ಟಿಕೊಂಡು ಕೂರುತ್ತದೆ. ಆ ಲೋಳೆ ಇರುವ ತನಕ ಮೇಲೆ ಸುರಿದ ಸ್ಯಾನಿಟೈಸರ್ ಒಳಗಿನವನ್ನು ತಲುಪುವುದಿಲ್ಲ. ತೊಳೆಯುವ ಕೆಲಸ ಪೂರ್ತಿ ಮುಗಿದ ಮೇಲಷ್ಟೇ ಸೋಂಕು ತೆಗೆಯುವ ಕೆಲಸಕ್ಕೆ ಅರ್ಥ.

ನಲ್ಲಿಯನ್ನು ಬಿಸಿನೀರಲ್ಲಿ ಕೆಲವು ನಿಮಿಷ ಬಿಟ್ಟರೆ ಸಡಿಲವಾಗುತ್ತದೆ; ಹೆಚ್ಚಿನವುಗಳಲ್ಲಿ ಒಳಭಾಗವನ್ನು ಒತ್ತಿ ಹೊರತೆಗೆಯಬಹುದು. ಬರದಿದ್ದರೆ ಆ ನಲ್ಲಿ ಬದಲಿಸಿ, ಅದರ ಬೆಲೆ ಒಂದು ಸಲದ ಮಾಲ್ಟಿಗಿಂತ (ಬಿಯರಿಗೆ ಹಾಕುವ ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಕಡಿಮೆ. ರಬ್ಬರ್ ವಾಷರ್‌ಗಳನ್ನೂ ಕಳಚಿ. ಎಲ್ಲವನ್ನೂ ಬಕೆಟ್ಟಿನೊಳಗೇ ಹಾಕಿ, 50–60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿಗೆ ಲೀಟರಿಗೆ ಸುಮಾರು 8 ಗ್ರಾಂ ಪಿಬಿಡಬ್ಲ್ಯು (ಬಿಯರ್ ಸಲಕರಣೆ ತೊಳೆಯುವ ಪುಡಿ) ಕಲಸಿ ರಾತ್ರಿಯಿಡೀ ನೆನೆಹಾಕಿ. ಯೀಸ್ಟಿನ ಕಂದು ಉಂಗುರ ಉಜ್ಜದೆಯೇ ಕಳಚಿ ಬರುತ್ತದೆ. ಹಸಿರು ಸ್ಕ್ರಬ್ಬರ್ ಮುಟ್ಟಿಸಬೇಡಿ, ಅದು ಮಾಡುವ ಗೀರುಗಳೇ ಮುಂದೆ ಬ್ಯಾಕ್ಟೀರಿಯಾದ ಮನೆ. ಗಾಜಿನ ಜಾಡಿಯಾದರೆ ಬಿಸಿನೀರು ಸುರಿಯಲೇಬೇಡಿ, ಸೀಳಿಬಿಡುತ್ತದೆ. ಆಮೇಲೆ ಜಾರುವಿಕೆ ಪೂರ್ತಿ ಹೋಗುವವರೆಗೆ ತೊಳೆಯಿರಿ. ಗಡಸು ನೀರಿನಿಂದ ಬಿಳಿ ಪದರ ಉಳಿದರೆ ನೀರು ಬೆರೆಸಿದ ವಿನೆಗರ್ ಸಾಕು. ಆದರೆ ಅದರ ಹತ್ತಿರ ಬ್ಲೀಚ್ ತರಬೇಡಿ, ಎರಡೂ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಬ್ಲೀಚ್ ಬೇಡ ಎನ್ನಲು ಇನ್ನೊಂದು ಕಾರಣವೂ ಇದೆ. ಉಳಿದ ಕ್ಲೋರಿನ್ ಬಿಯರಿನ ಫೀನಾಲ್‌ಗಳೊಂದಿಗೆ ಸೇರಿ ಕ್ಲೋರೋಫೀನಾಲ್ ಆಗುತ್ತದೆ, ತೀರಾ ಅತ್ಯಲ್ಪವಿದ್ದರೂ ಗಾಯದ ಪಟ್ಟಿಯ ವಾಸನೆ ಹೊಡೆಯುತ್ತದೆ. ಅದನ್ನು ಹೋಗಲಾಡಿಸಲು ನಲ್ಲಿ ನೀರಲ್ಲಿ ತೊಳೆದರೆ ಹೊಸ ಸೂಕ್ಷ್ಮಜೀವಿಗಳನ್ನು ನೀವೇ ಬರಮಾಡಿಕೊಂಡಂತೆ.

ಬದಲಿಗೆ ಸ್ಟಾರ್ ಸ್ಯಾನ್ ಎಂಬ ಆಮ್ಲೀಯ ಸ್ಯಾನಿಟೈಸರ್ ಬಳಸಿ: ಲೀಟರಿಗೆ 1.6 ಮಿಲಿ, ಅಂದರೆ 10 ಲೀಟರಿಗೆ 16 ಮಿಲಿ. ಕಣ್ಣಳತೆ ಬೇಡ, ಸಿರಿಂಜಿನಲ್ಲಿ ಅಳೆಯಿರಿ. ಬಕೆಟ್ ತುಂಬಿಸಬೇಕಿಲ್ಲ, ಐದಾರು ಲೀಟರ್ ಮಾಡಿ ಮುಚ್ಚಳ ಹಾಕಿ ಕುಲುಕಿ, ಎಲ್ಲ ಕಡೆ ಎರಡು ನಿಮಿಷ ಒದ್ದೆಯಾಗಿದ್ದರೆ ಆಯಿತು. ಸರಿಯಾದ ಅಳತೆಯಲ್ಲಿದ್ದರೆ ಉಳಿದ ನೊರೆಯಿಂದ ಬಿಯರಿಗೆ ತೊಂದರೆಯಿಲ್ಲ, ತೊಳೆಯಬೇಡಿ. ಇದು ಕೆಲಸ ಮಾಡುವುದು ಆಮ್ಲೀಯತೆಯಿಂದ: ಪಿಎಚ್ 3ಕ್ಕಿಂತ ಮೇಲೇರಿದರೆ, ಅಂದರೆ ಆಮ್ಲೀಯತೆ ಕುಗ್ಗಿದರೆ, ಹೊಸದಾಗಿ ಕಲಸಿ. ಡಿಸ್ಟಿಲ್ಡ್ ನೀರಲ್ಲಿ ಕಲಸಿದ್ದು ಹೆಚ್ಚು ದಿನ ಬರುತ್ತದೆ. ನೀರು ಬೆರೆಸದ ದ್ರಾವಣ ಚರ್ಮವನ್ನು ಸುಡುತ್ತದೆ, ಸಿಮೆಂಟ್ ನೆಲವನ್ನೂ ತಿನ್ನುತ್ತದೆ, ಕೈಗವಸು ಹಾಕಿಕೊಳ್ಳಿ.

ಕುದಿಸುವ ಪಾತ್ರೆಗೆ ಇಷ್ಟೆಲ್ಲ ಬೇಡ, ಕುದಿತವೇ ಆ ಕೆಲಸ ಮಾಡುತ್ತದೆ. ಎಚ್ಚರವಿರಬೇಕಾದದ್ದು ವರ್ಟ್ (ಮಾಲ್ಟಿನ ಕುದಿಸಿದ ಸಿಹಿರಸ) ತಣ್ಣಗಾದ ಮೇಲೆ ಅದನ್ನು ಮುಟ್ಟುವ ಪ್ರತಿಯೊಂದಕ್ಕೂ: ಚಮಚ, ಅನಿಲವನ್ನು ಹೊರಬಿಟ್ಟು ಗಾಳಿಯನ್ನು ತಡೆಯುವ ಏರ್‌ಲಾಕ್, ಯೀಸ್ಟ್ ಪೊಟ್ಟಣ ಕತ್ತರಿಸುವ ಕತ್ತರಿ. ಎರಡು ಸಲ ಸೋಂಕು ತಗಲಿದ ಪೈಪನ್ನು ತೊಳೆಯುತ್ತಾ ಕೂರಬೇಡಿ, ಎಸೆಯಿರಿ. ಬಕೆಟ್ಟಿನೊಳಗೆ ಉಗುರಿಗೆ ಸಿಗುವಂಥ ಗೀರಿದ್ದರೆ ಆ ಬಕೆಟ್ಟನ್ನು ಮಾಲ್ಟ್ ತುಂಬಿಡಲು ಇಟ್ಟುಕೊಳ್ಳಿ.

ಈಗಿರುವ ಹುಳಿ ಬಾಟಲಿಗಳನ್ನು ಇವತ್ತೇ ಫ್ರಿಜ್ಜಿಗೆ ಹಾಕಿ. ಯೀಸ್ಟ್ ತಿನ್ನದೆ ಬಿಟ್ಟ ಸಕ್ಕರೆಯನ್ನೂ ಕೆಲವು ಸೂಕ್ಷ್ಮಜೀವಿಗಳು ತಿಂದು ಅನಿಲ ಬಿಡುತ್ತವೆ, ಬಾಟಲಿ ಸಿಡಿಯಬಹುದು. ಎತ್ತುವಾಗ ದಪ್ಪ ಟವೆಲ್ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಖಾಲಿ ಮಾಡಿದ ಬಾಟಲಿಗಳನ್ನು ಬೆಳಕಿಗೆ ಹಿಡಿದು ಕತ್ತಿನೊಳಗೆ ಉಂಗುರ ಕಂಡರೆ ಮತ್ತೆ ನೆನೆಹಾಕಿ.

(ಕರ್ನಾಟಕದಲ್ಲಿರುವ ಓದುಗರಿಗೆ: ಇಲ್ಲಿ ಅಬಕಾರಿ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವಂತಿಲ್ಲ.)

ಮುಂದಿನ ಸಲ ಬಾಟಲಿ ತುಂಬುವ ದಿನ ನಲ್ಲಿಯ ಮೂತಿಯೊಳಗೂ ಸ್ಟಾರ್ ಸ್ಯಾನ್ ಸಿಂಪಡಿಸಿ, ಎರಡು ನಿಮಿಷ ಬಿಟ್ಟು ತಿರುಗಿಸಿ. ನಡುವೆ ರುಚಿ ನೋಡಲು ಹಿಡಿದ ಲೋಟದ ಕೊನೆಯ ಹನಿ ವಾರಗಟ್ಟಲೆ ಅಲ್ಲೇ ಒಣಗಿ ಕೂತಿರುತ್ತದೆ.