ಆಫೀಸಿಗೂ ತೋಟಕ್ಕೂ ಒಂದೇ ಚಾಕು: ಯಾವುದು ತಗೊಳ್ಳಲಿ?

ಪ್ರಶ್ನೆ: ನಮಸ್ಕಾರ ಸರ್. ನನಗೆ ಹಾಸನದಲ್ಲಿ ಬ್ಯಾಂಕ್ ಕೆಲಸ. ರಜೆ ಬಂದರೆ ಸಕಲೇಶಪುರದ ಹತ್ತಿರ ಇರುವ ನಮ್ಮ ಕಾಫಿ ತೋಟಕ್ಕೆ ಹೋಗುತ್ತೇನೆ. ನಮ್ಮ ತಂದೆಯವರ ಜೇಬಿನಲ್ಲಿ ಯಾವಾಗಲೂ ಕೊಂಬಿನ ಹಿಡಿಯ ಪುಟ್ಟ ಮಡಚುವ ಚಾಕು ಇರುತ್ತಿತ್ತು. ಅವರು ಹೋದ ಮೇಲೆ ಎಷ್ಟು ಹುಡುಕಿದರೂ ಅದು ಸಿಗಲಿಲ್ಲ. ನನಗೂ ಅಂಥದ್ದೊಂದು ಬೇಕು. ನೋಡೋಕೆ ಚೆಂದ ಇರಬೇಕು, ದಿನಾ ಜೇಬಿನಲ್ಲಿ ಇಟ್ಟುಕೊಳ್ಳುವ ಹಾಗಿರಬೇಕು. ಆನ್‌ಲೈನ್‌ನಲ್ಲಿ ಹುಡುಕಿದರೆ ಕಪ್ಪು ಬಣ್ಣದ, ಹಲ್ಲು ಹಲ್ಲಿನ ದಪ್ಪ ಚಾಕುಗಳೇ ಜಾಸ್ತಿ. ಮನೆಯವಳಿಗೆ ತೋರಿಸಿದರೆ ‘ಇದೇನ್ರೀ, ರೌಡಿಗಳ ಥರ’ ಅಂದಳು. ಮೂರು ಸಾವಿರದ ಆಸುಪಾಸಿನಲ್ಲಿ ಯಾವುದು ತಗೊಳ್ಳಲಿ? ಪೊಲೀಸರ ತೊಂದರೆ ಏನಾದರೂ ಇದೆಯಾ?
– ಓದುಗರು, ಹಾಸನ

ಉತ್ತರ: ನಿಮ್ಮ ಮನೆಯವರು ಹೇಳಿದ್ದು ಸರಿ. ಚಿಕ್ಕಮಗಳೂರಿನಲ್ಲಿ ತೋಟದ ಹತಾರಗಳ ಅಂಗಡಿ ಇಟ್ಟು, ಕತ್ತಿ ಕುಡುಗೋಲುಗಳಿಗೆ ಸಾಣೆ ಹಿಡಿಯುತ್ತಾ ನನಗೆ ಮೂವತ್ತು ವರ್ಷದ ಹತ್ತಿರ ಆಯಿತು. ಜೇಬಿನ ಚಾಕು ಚೆಂದ ಇದೆಯೋ ಇಲ್ಲವೋ ಅಂತ ನಾನು ನೋಡುವುದು ಹೀಗೆ. ಊಟ ಆದ ಮೇಲೆ ಜಗಲಿಯಲ್ಲಿ ನಾಲ್ಕು ಜನ ಕೂತಿದ್ದಾರೆ, ಚಕ್ಕೋತ ಬಿಡಿಸೋಕೆ ನೀವು ಚಾಕು ತೆಗೆಯುತ್ತೀರಿ. ಪಕ್ಕದಲ್ಲಿ ಕೂತವರು ಹಿಂದೆ ಸರಿಯಬಾರದು. ‘ಎಲ್ಲಿ, ಕೊಡಿ ನೋಡೋಣ’ ಅಂತ ಕೈ ಚಾಚಬೇಕು. ನಿಮ್ಮ ತಂದೆಯವರ ಚಾಕು ಅಂಥದ್ದೇ ಇದ್ದಿರಬೇಕು.

ಮೊದಲು ಅಳತೆ. ಅಲಗು 6ರಿಂದ 8 ಸೆಂಟಿಮೀಟರ್ ಇದ್ದರೆ ಧಾರಾಳ. ಕವರ್ ಒಡೆಯೋದು, ಗೋಣಿ ಚೀಲದ ಹೊಲಿಗೆ ಬಿಚ್ಚೋದು, ಮೆಣಸಿನ ಬಳ್ಳಿ ಕಟ್ಟಿದ ದಾರ ಕತ್ತರಿಸೋದು, ಹಣ್ಣು ಹೆಚ್ಚೋದು – ದಿನದ ಕೆಲಸ ಇಷ್ಟೇ ಅಲ್ವಾ? ಅದಕ್ಕಿಂತ ದೊಡ್ಡ ಕೆಲಸಕ್ಕೆ ತೋಟದಲ್ಲಿ ಕತ್ತಿ ಇದ್ದೇ ಇದೆ. ಮಡಚಿದಾಗ ದಪ್ಪ 1 ಸೆಂಟಿಮೀಟರ್‌ಗಿಂತ ಕಡಿಮೆ, ತೂಕ 50 ಗ್ರಾಂ ಒಳಗೆ ಇರಲಿ. ಇದಕ್ಕಿಂತ ಭಾರ ಆದರೆ ಫಾರ್ಮಲ್ ಪ್ಯಾಂಟಿನ ಜೇಬು ಜೋತು ಬೀಳುತ್ತದೆ, ಒಂದು ವಾರ ಇಟ್ಟುಕೊಂಡು ಆಮೇಲೆ ಡ್ರಾಯರ್‌ಗೆ ಹಾಕುತ್ತೀರಿ. ನನ್ನ ಹತ್ತಿರ ದೊಡ್ಡ ಚಾಕು ಕೊಂಡವರಲ್ಲಿ ಬಹಳ ಜನ ಮತ್ತೆ ಬಂದು ಚಿಕ್ಕದು ತಗೊಂಡು ಹೋಗಿದ್ದಾರೆ.

ಅಲಗಿನ ದಪ್ಪವನ್ನು ಯಾರೂ ಗಮನಿಸುವುದಿಲ್ಲ, ಆದರೆ ಕೊಯ್ಯುವ ಸುಖ ಇರುವುದು ಅಲ್ಲೇ. 4 ಮಿಲಿಮೀಟರ್ ದಪ್ಪದ ಅಲಗಿನಲ್ಲಿ ಸೀಬೆಹಣ್ಣು ಹೆಚ್ಚಿ ನೋಡಿ. ಅದು ಹಣ್ಣನ್ನು ಕೊಯ್ಯುವುದಿಲ್ಲ, ಬೆಣೆ ಹೊಡೆದ ಹಾಗೆ ಸೀಳುತ್ತದೆ. 2 ಮಿಲಿಮೀಟರ್‌ನ ತೆಳು ಅಲಗು ಸದ್ದಿಲ್ಲದೆ ಇಳಿಯುತ್ತದೆ. ಹೋಳಿನ ಮೈ ನುಣ್ಣಗೆ ಹೊಳೆಯುತ್ತದೆ.

ನಿಮ್ಮ ದುಡ್ಡಿನ ಲೆಕ್ಕ ಇಟ್ಟುಕೊಂಡು ನಾನು ಎರಡು ಹೆಸರು ಹೇಳುತ್ತೇನೆ. ಒಂದು ಫ್ರಾನ್ಸಿನ ಓಪಿನೆಲ್. ಆಲ್ಪ್ಸ್ ಬೆಟ್ಟದ ಸವಾಯ್ ಸೀಮೆಯಲ್ಲಿ 1890ರಲ್ಲಿ ಜೋಸೆಫ್ ಓಪಿನೆಲ್ ಅನ್ನುವವರು ಮಾಡಲು ಶುರು ಮಾಡಿದ ರೈತರ ಚಾಕು ಅದು. ಅಲಗಿನ ಮೇಲೆ ಕಿರೀಟ ಇಟ್ಟ ಕೈಯ ಗುರುತು ಇರುತ್ತದೆ. ಮರದ ಹಿಡಿ, ಒಂದೇ ಅಲಗು, ಕತ್ತಿನಲ್ಲಿ ತಿರುಗುವ ಒಂದು ಲೋಹದ ಬಳೆ. 1955ರಲ್ಲಿ ಸೇರಿಸಿದ ಆ ಬಳೆಯನ್ನು ಸ್ವಲ್ಪ ತಿರುಗಿಸಿದರೆ ಅಲಗು ಲಾಕ್ ಆಗುತ್ತದೆ. 6ನೇ ನಂಬರಿನ ಅಲಗು 7 ಸೆಂಟಿಮೀಟರ್, 8ನೇ ನಂಬರಿನದು 8.5. ನಿಮಗೆ 6 ಸಾಕು. ಅಂಗೈಯಲ್ಲಿ ಇಟ್ಟುಕೊಂಡರೆ ಏನೂ ಇಲ್ಲದಷ್ಟು ಹಗುರ, ಬೆರಳು ಆಡಿಸುತ್ತಾ ಆಡಿಸುತ್ತಾ ಮರ ನುಣುಪಾಗಿ ಬಣ್ಣ ಏರುತ್ತದೆ.

ಇನ್ನೊಂದು ಸ್ವಿಟ್ಜರ್‌ಲೆಂಡಿನ ವಿಕ್ಟೋರಿನಾಕ್ಸ್. ಕೆಂಪು ಪ್ಲಾಸ್ಟಿಕ್ಕಿನದ್ದು ಎಲ್ಲರಿಗೂ ಗೊತ್ತು. ನಾನು ಹೇಳುವುದು ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಹಿಡಿಯ ‘ಕೆಡೆಟ್’. ಮಡಚಿದಾಗ 84 ಮಿಲಿಮೀಟರ್ ಉದ್ದ, 9 ಮಿಲಿಮೀಟರ್ ದಪ್ಪ. ಒಂದು ಅಲಗು, ಒಂದು ಉಗುರು ಉಜ್ಜುವ ಅರ, ಬಾಟಲಿ ಮತ್ತು ಡಬ್ಬಿ ತೆರೆಯುವ ಎರಡು ತುಂಡು, ಅಷ್ಟೇ. ಹಿಡಿಯ ಮೇಲೆ ಸಣ್ಣ ಚೌಕ ಚೌಕದ ಉಬ್ಬು ಕೆಲಸ ಇದೆ. ಕೈ ಒದ್ದೆ ಇದ್ದರೂ ಜಾರುವುದಿಲ್ಲ. ಬಿಳಿ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಇಟ್ಟರೆ ಗೊತ್ತೇ ಆಗುವುದಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಕೆಡೆಟ್ ತಗೊಳ್ಳುತ್ತಿದ್ದೆ. ಕಾರಣ ಸಕಲೇಶಪುರದ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಅಂಥಾ ಹವೆಯಲ್ಲಿ ಕಾರ್ಬನ್ ಸ್ಟೀಲಿನ ಅಲಗನ್ನು ರಾತ್ರಿ ಒರೆಸದೆ ಇಟ್ಟರೆ ಬೆಳಗ್ಗೆ ಕಂದು ಚುಕ್ಕೆ. ಕೆಡೆಟ್‌ನದ್ದು ಸ್ಟೇನ್‌ಲೆಸ್, ಆ ಚಿಂತೆ ಕಡಿಮೆ. ಓಪಿನೆಲ್ ಎರಡೂ ಥರ ಬರುತ್ತದೆ. ಅದನ್ನೇ ಇಷ್ಟಪಟ್ಟರೆ ಸ್ಟೇನ್‌ಲೆಸ್ ಅಂತ ಕೇಳಿ ತಗೊಳ್ಳಿ.

ಕಾರ್ಬನ್ ಸ್ಟೀಲೇ ಬೇಕು, ಅದರ ಹರಿತವೇ ಬೇರೆ ಅನ್ನುವವರೂ ಇದ್ದಾರೆ. ನಾನೂ ಒಂದು ಇಟ್ಟುಕೊಂಡಿದ್ದೇನೆ. ಅಂಥವರಿಗೆ ನಮ್ಮ ಸೀಮೆಯ ಮದ್ದೇ ಇದೆ: ಕಾಫಿ. ಹಾಲು ಸಕ್ಕರೆ ಇಲ್ಲದ ಗಟ್ಟಿ ಡಿಕಾಕ್ಷನ್ ಬಿಸಿ ಮಾಡಿ ಉದ್ದನೆಯ ಲೋಟಕ್ಕೆ ಹಾಕಿ. ಅಲಗನ್ನು ಸೋಪು ನೀರಲ್ಲಿ ತೊಳೆದು, ಎಣ್ಣೆ ಜಿಡ್ಡು ಒಂಚೂರೂ ಇಲ್ಲದ ಹಾಗೆ ಒರೆಸಿ, ಹಿಡಿಗೆ ತಾಗದಂತೆ ಅದರಲ್ಲಿ ಇಳಿಬಿಡಿ. ಕೆಲವು ಗಂಟೆ ಬಿಟ್ಟು ತೆಗೆದರೆ ಅಲಗು ಮೋಡದ ಬಣ್ಣಕ್ಕೆ ತಿರುಗಿರುತ್ತದೆ. ಕಾಫಿಯ ಹುಳಿ ಕಬ್ಬಿಣದ ಮೇಲೆ ಕಟ್ಟಿದ ತೆಳು ಪದರ ಅದು. ಕೆಂಪು ತುಕ್ಕು ಬೇಗ ಹತ್ತುವುದಿಲ್ಲ. ತುಕ್ಕೇ ಬರಲ್ಲ ಅಂತಲ್ಲ, ಒರೆಸಿ ಇಡುವ ಅಭ್ಯಾಸ ಆಗಲೂ ಬೇಕು.

ಒಂದು ಎಚ್ಚರಿಕೆ. ಕೆಡೆಟ್‌ಗೆ ಲಾಕ್ ಇಲ್ಲ. ಬೆನ್ನಿನ ಸ್ಪ್ರಿಂಗ್ ಒತ್ತಿ ಹಿಡಿದಿರುತ್ತದೆ, ಅಷ್ಟೇ. ಅಂಗಡಿ ಶುರು ಮಾಡಿದ ಹೊಸದರಲ್ಲಿ ಇಂಥದ್ದೇ ಚಾಕುವಿನ ಮೊನೆಯಿಂದ ಗೊಬ್ಬರದ ಚೀಲಕ್ಕೆ ತೂತು ಮಾಡಲು ಹೋದೆ. ಮೊನೆ ಸಿಕ್ಕಿಕೊಂಡಿತು, ಅಲಗು ಹಿಂದಕ್ಕೆ ಮಡಚಿ ತೋರುಬೆರಳಿನ ಮೇಲೆ ಕೂತಿತು. ಐದು ಹೊಲಿಗೆ. ಆ ಗೀರು ಈಗಲೂ ಇದೆ. ಲಾಕ್ ಇಲ್ಲದ ಚಾಕುವಿನಲ್ಲಿ ಎಳೆದು ಕೊಯ್ಯಿ, ಚುಚ್ಚಬೇಡಿ. ನಿಮ್ಮ ಕೆಲಸದಲ್ಲಿ ಚುಚ್ಚುವುದು ಜಾಸ್ತಿ ಇದ್ದರೆ ಆಗ ಓಪಿನೆಲ್ಲೇ ಸರಿ. ಪ್ರತಿ ಸಲವೂ ಬಳೆ ತಿರುಗಿಸಲು ಮರೆಯಬೇಡಿ.

ಆದಷ್ಟು ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಿ. ಅಂಗಡಿಯಲ್ಲಿ ಮಡಚಿದ ಚಾಕುವನ್ನು ಬೆಳಕಿನ ಕಡೆ ಹಿಡಿದು ಅಲಗು ಕೂರುವ ಸಂದಿಯೊಳಗೆ ನೋಡಿ: ಅಲಗು ಎರಡು ಗೋಡೆಗಳ ಮಧ್ಯೆ ನೆಟ್ಟಗೆ ಕೂತಿರಬೇಕು, ಒಂದು ಕಡೆ ಉಜ್ಜುತ್ತಿರಬಾರದು. ಮೊನೆ ಹೊರಗೆ ಇಣುಕಬಾರದು. ಉಗುರಿನಿಂದ ತೆರೆಯಿರಿ. ಕೊನೆಗೆ ‘ಟಕ್’ ಅಂತ ಒಂದೇ ಸದ್ದಿನಲ್ಲಿ ನಿಂತರೆ ಸ್ಪ್ರಿಂಗ್ ಚೆನ್ನಾಗಿದೆ. ಉಗುರು ಮುರಿಯುವಷ್ಟು ಬಿಗಿ ಇದ್ದರೆ ಬೇಡ. ಅಲಗಿನ ಬೆನ್ನು ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಹೊಸದರಲ್ಲೇ ಅಲ್ಲಾಡುವ ಚಾಕು ಮುಂದೆ ಇನ್ನೂ ಸಡಿಲ ಆಗುತ್ತದೆ.

ಕೊಂಬಿನ ಹಿಡಿ ಕೇಳಿದ್ದೀರಿ. ಚೆಂದವೇನೋ ಚೆಂದ, ಆದರೆ ತೇವ ಕುಡಿದು ಒಣಗಿ, ಕುಡಿದು ಒಣಗಿ ಕೊಂಬು ಸೀಳುತ್ತದೆ. ದಿನಾ ಒದ್ದೆಯಾಗುವ ಜೇಬಿಗೆ ಬೇಡ.

ಕಾನೂನಿನ ವಿಷಯ. 1959ರ ಆಯುಧ ಕಾಯ್ದೆಯ ನಿಯಮಗಳಲ್ಲಿ ಆಯುಧ ಅಂತ ಹೆಸರಿಸಿರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಚೂರಿಗಳನ್ನು. ಅದರಲ್ಲೂ ಮನೆ ಕೆಲಸಕ್ಕೆ, ಬೇಸಾಯಕ್ಕೆ ಅಂತ ಮಾಡಿದವನ್ನು ಬಿಟ್ಟಿದ್ದಾರೆ. ನಾವು ಮಾತಾಡುತ್ತಿರುವುದು 3 ಇಂಚಿನ ಆಸುಪಾಸಿನದ್ದು. ಆದರೂ ಗುಂಡಿ ಒತ್ತಿದರೆ ಛಕ್ಕನೆ ಹೊರಬರುವ ಬಟನ್ ಚಾಕು ಮಾತ್ರ ತಗೊಳ್ಳಬೇಡಿ. ಎಷ್ಟೇ ಚಿಕ್ಕದಿದ್ದರೂ ನೋಡಿದವರಿಗೆ ಅನುಮಾನ ಬರುತ್ತದೆ. ಕೋರ್ಟಿಗೆ, ರಾಜಕೀಯ ಸಭೆಗಳಿಗೆ ಹೋಗುವ ದಿನ ಮನೆಯಲ್ಲೇ ಇಟ್ಟು ಹೋಗಿ. ವಿಮಾನದಲ್ಲಿ ಕೈ ಚೀಲಕ್ಕೆ ಹಾಕಬೇಡಿ, ಚೆಕ್-ಇನ್ ಮಾಡುವ ಬ್ಯಾಗಿನಲ್ಲಿ ಇಡಿ.

ಹರಿತ ಹೋದಾಗ ದಯವಿಟ್ಟು ತಿರುಗುವ ಚಕ್ರಕ್ಕೆ ಕೊಡಬೇಡಿ. ಸಾಣೆಯವನಾಗಿ ನಾನೇ ಹೇಳುತ್ತಿದ್ದೇನೆ. ಕತ್ತಿಗೆ ಚಕ್ರ ಸರಿ. ತೆಳು ಅಲಗು ಕ್ಷಣದಲ್ಲಿ ಕಾಯುತ್ತದೆ. ಅಂಚು ನೀಲಿ ಬಣ್ಣಕ್ಕೆ ತಿರುಗಿತು ಅಂದರೆ ಅಲ್ಲಿ ಸುಮಾರು 300 ಡಿಗ್ರಿ ಬಿಸಿ ತಾಗಿದೆ, ಹದ ಹೋಗಿದೆ ಅಂತ ಅರ್ಥ. ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. 1000 ನಂಬರಿನ ಒಂದು ಸಾಣೆ ಕಲ್ಲು ತಂದಿಟ್ಟುಕೊಳ್ಳಿ. ನೀರು ಹಾಕಿ, ಅಲಗಿನ ಬೆನ್ನನ್ನು ಕಲ್ಲಿನಿಂದ ಸುಮಾರು 4 ಮಿಲಿಮೀಟರ್ ಎತ್ತಿ, ಕಲ್ಲಿನ ಮೇಲಿಂದ ತೆಳ್ಳಗೆ ಪದರ ಸುಲಿಯುವ ಹಾಗೆ ಮುಂದಕ್ಕೆ ತಳ್ಳಿ. ಎರಡೂ ಕಡೆ ಸಮ. ಒಂದೂವರೆ ಸೆಂಟಿಮೀಟರ್ ಅಗಲದ ಅಲಗಿಗೆ ಅದು 15 ಡಿಗ್ರಿ ಆಗುತ್ತದೆ. ಕೊನೆಗೆ ಹಳೇ ಬೆಲ್ಟಿನ ಒಳಮೈಗೆ ಹತ್ತು ಸಲ ಹಿಮ್ಮುಖವಾಗಿ ಎಳೆಯಿರಿ. ದಿನಪತ್ರಿಕೆಯ ಹಾಳೆಯನ್ನು ಗಾಳಿಯಲ್ಲಿ ಹಿಡಿದು ಕೊಯ್ದರೆ ಹರಿಯದೆ ಸೀದಾ ಇಳಿಯಬೇಕು.

ತಂದೆಯವರ ಚಾಕುವನ್ನು ಇನ್ನೊಂದು ಸಲ ಹುಡುಕಿ. ಕಣದ ಪಕ್ಕದ ಗೋಡೌನಿನಲ್ಲಿ ತಕ್ಕಡಿ ಇಡುವ ಕಡೆ, ಜೀಪಿನ ಸೀಟಿನ ಸಂದಿ, ಹಳೇ ಕೋಟಿನ ಒಳಜೇಬು ನೋಡಿ. ಚಾಕು ಕಳೆದವರಿಗೆ ಸಿಗುವುದು ಬಹುತೇಕ ಅಂಥಾ ಜಾಗದಲ್ಲೇ. ತುಕ್ಕು ಹಿಡಿದಿದ್ದರೂ ಎಸೆಯಬೇಡಿ, ಬಲವಂತವಾಗಿ ತೆರೆಯಲೂ ಬೇಡಿ. ಕೀಲಿಗೆ ಎಣ್ಣೆ ಬಿಟ್ಟು ಎರಡು ದಿನ ಸುಮ್ನೆ ಇಡಿ, ತಾನೇ ಬಿಟ್ಟುಕೊಳ್ಳುತ್ತದೆ.

ಪ್ರಶ್ನೆ: ನನ್ನ ಹತ್ತಿರ ಮರದ ಹಿಡಿಯ ಓಪಿನೆಲ್ ಇದೆ. ಮಳೆಗಾಲ ಬಂತೆಂದರೆ ತೆರೆಯುವುದೇ ಇಲ್ಲ, ಉಗುರು ಕಿತ್ತು ಬರುತ್ತದೆ. ಹಲಸಿನ ಮೇಣ ಬೇರೆ ಅಂಟಿಕೊಂಡಿದೆ. ಏನು ಮಾಡಲಿ?
– ಓದುಗರು, ಮೂಡಿಗೆರೆ

ಉತ್ತರ: ತೇವ ಕುಡಿದು ಮರ ಉಬ್ಬಿದೆ. ಉಗುರಿನ ಜೊತೆ ಜಗಳ ಬೇಡ. ಬಳೆ ಲಾಕ್ ಆಗಿಲ್ಲ ಅಂತ ನೋಡಿಕೊಂಡು, ಹಿಡಿಯ ಹಿಂಭಾಗದ ತುದಿಯನ್ನು ಮೇಜಿನ ಅಂಚಿಗೆ ಒಮ್ಮೆ ಕುಟ್ಟಿ. ಅಲಗು ಸ್ವಲ್ಪ ಹೊರಗೆ ಬರುತ್ತದೆ, ಆಮೇಲೆ ಬೆನ್ನಿನ ಕಡೆ ಹಿಡಿದು ಎಳೆದರಾಯಿತು. ಸವಾಯ್ ಸೀಮೆಯವರು ತೆರೆಯುವುದೂ ಹೀಗೇ. ಒಲೆಯ ಹತ್ತಿರ, ಬಿಸಿಲಿನಲ್ಲಿ ಇಟ್ಟು ಒಣಗಿಸಬೇಡಿ, ಬಿರುಕು ಬಿಡುತ್ತದೆ. ತೆರೆದಿಟ್ಟು ನೆರಳಿನಲ್ಲಿ ಎರಡು ಮೂರು ದಿನ ಬಿಡಿ. ಪೂರ್ತಿ ಒಣಗಿದ ಮೇಲೆ ಅಲಗು ಕೂರುವ ಸಂದಿಗೆ, ಕೀಲಿನ ಹತ್ತಿರದ ಮರಕ್ಕೆ ಅಗಸೆ ಎಣ್ಣೆ ಹಚ್ಚಿ. ಮುಂದಿನ ಮಳೆಗೆ ಮರ ಇಷ್ಟು ನೀರು ಕುಡಿಯುವುದಿಲ್ಲ. ಈ ಕೆಲಸಕ್ಕೆ ಬೇಸಿಗೆ ಒಳ್ಳೆಯ ಕಾಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆ ಬಟ್ಟೆ ತಾನಾಗಿಯೇ ಕಾದು ಹೊತ್ತಿಕೊಳ್ಳುವುದುಂಟು. ಹರಡಿ ಒಣಗಿಸಿ.

ಮೇಣಕ್ಕೆ ನಿಮಗೆ ಗೊತ್ತಿರುವುದೇ: ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆಯಲ್ಲಿ ತಿಕ್ಕಿ, ಆಮೇಲೆ ಸೋಪು ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಬ್ಲೇಡಿನಿಂದ ಕೆರೆಯಬೇಡಿ. ಹಾಗೆಯೇ ಆಯುಧ ಪೂಜೆಗೆ ಚಾಕು ಇಡುವವರು ಅರಿಶಿನ ಕುಂಕುಮವನ್ನು ಹಿಡಿಗೆ ಹಚ್ಚಿ. ಕೀಲಿನೊಳಗೆ ಹೋದ ಕುಂಕುಮ ತೇವ ಹಿಡಿದಿಟ್ಟುಕೊಳ್ಳುತ್ತದೆ. ದೀಪಾವಳಿ ಹೊತ್ತಿಗೆ ‘ತೆರೆಯುತ್ತಿಲ್ಲ’ ಅಂತ ನನ್ನ ಅಂಗಡಿಗೆ ಬರುವ ಚಾಕುಗಳಲ್ಲಿ ಹಲವನ್ನು ಬಿಚ್ಚಿದರೆ ಒಳಗೆ ಕೆಂಪಗೆ ಗಟ್ಟಿಯಾಗಿ ಕೂತಿರುವುದು ಅದೇ. ಪೂಜೆಯ ಮರುದಿನ ಮೆತ್ತಗಿನ ಬ್ರಷ್ಷಿನಿಂದ ಝಾಡಿಸಿ, ಒಂದು ಹನಿ ಎಣ್ಣೆ ಬಿಡಿ.